ಭಾನುವಾರದ ತೂಕ

ನಮ್ಮ ಮನೆಯಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವುದು ಅಮ್ಮ. ಆದರೆ ಅಮ್ಮ ಎದ್ದಳೆಂಬ ಸುದ್ದಿಯನ್ನು ಮನೆಮಂದಿಗೆಲ್ಲ ಸಾರುವುದು ಬೆಲ್ಲ. ಫ್ರಿಜ್ಜಿನ ಬಾಗಿಲು ಮೊದಲ ಸಲ ತೆರೆದಾಗ ಅದು ಸುಮ್ಮನಿರುತ್ತದೆ, ಏಕೆಂದರೆ ಆಗ ಹೊರಬರುವುದು ಹಾಲಿನ ಪ್ಯಾಕೆಟ್ಟು ಎಂಬುದು ಅದಕ್ಕೆ ಗೊತ್ತು. ಎರಡನೆಯ ಸಲ ತೆರೆದು, ಕೊತ್ತಂಬರಿ ಸೊಪ್ಪು ಸುತ್ತಿಟ್ಟ ಪ್ಲಾಸ್ಟಿಕ್ ಕವರು ಸರಬರ ಎಂದಿತೋ, ನಡುಮನೆಯ ಮೂಲೆಯಿಂದ ವೀಕ್ ವೀಕ್ ಎಂಬ ಸೀಟಿ ಶುರುವಾಗುತ್ತದೆ. ಒಂದು ಕಿಲೋ ತೂಗದ ಜೀವವೊಂದು ಕುಕ್ಕರಿನ ಜೊತೆ ಪೈಪೋಟಿಗಿಳಿದಂತೆ ಕೂಗುವುದನ್ನು ಕೇಳಿದವರು ಮೊದಲ ಬಾರಿಗೆ ಬೆಚ್ಚಿಬೀಳುತ್ತಾರೆ. ಕೆಳಗಿನ ಮನೆಯವರು ಒಮ್ಮೆ ನಮ್ಮ ಮೋಟಾರು ಕೆಟ್ಟಿದೆಯೇ ಎಂದು ಕೇಳಿದ್ದರು.

ಬೆಲ್ಲ ಒಂದು ಗಿನಿ ಪಿಗ್. ಅದು ಆಫ್ರಿಕದ ಗಿನಿಯದೂ ಅಲ್ಲ, ಹಂದಿಯೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನ ಜನ ಸಾವಿರಾರು ವರ್ಷಗಳ ಹಿಂದೆ ಪಳಗಿಸಿದ, ಇಲಿ ಅಳಿಲುಗಳ ದೊಡ್ಡ ಬಳಗಕ್ಕೆ ಸೇರಿದ ಬಾಲವಿಲ್ಲದ ಪ್ರಾಣಿ. ಮೈಬಣ್ಣ ಅಚ್ಚುಬೆಲ್ಲದಂತಿದ್ದುದರಿಂದ ಆ ಹೆಸರಿಟ್ಟವಳು ಮಗಳು.

2023ರ ದಸರಾ ರಜೆಯಲ್ಲಿ ಅದನ್ನು ಮನೆಗೆ ತಂದಾಗ ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಮಕ್ಕಳಿಬ್ಬರಿಗೂ ಬೇಕಾಗಿದ್ದುದು ನಾಯಿ. ನಮ್ಮದು ಬೆಂಗಳೂರಿನ ಬಾಡಿಗೆ ಮನೆ, ಮೂರನೆಯ ಮಹಡಿ, ಮೇಲೆ ಬರಿಯ ತಾರಸಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ನಾಯಿ ಸಾಕಬಾರದೆಂಬುದು ಓನರ್ ಹಾಕಿದ ಮೊದಲ ಷರತ್ತು. ಹಟಕ್ಕೂ ಷರತ್ತಿಗೂ ನಡುವೆ ನಾವು ಮಾಡಿಕೊಂಡ ರಾಜಿಯ ಹೆಸರು ಗಿನಿ ಪಿಗ್. ಸಣ್ಣ ಪ್ರಾಣಿಯಾದರೆ ಸಣ್ಣ ಕೆಲಸ ಎಂದು ನಾವು ಲೆಕ್ಕ ಹಾಕಿದ್ದೆವು. ಇದಕ್ಕಿಂತ ತಪ್ಪು ಲೆಕ್ಕವನ್ನು ನಾನು ಹಣಕಾಸಿನ ವಿಷಯದಲ್ಲೂ ಮಾಡಿದ್ದಿಲ್ಲ. ಅಂಗಡಿಯವನು ಒಂದು ಪುಟ್ಟ ತಂತಿಪಂಜರ, ಒಂದು ನೀರಿನ ಬಾಟಲು, ಒಂದು ಚೀಲ ಪೆಲೆಟ್ ಎಂಬ ಗುಳಿಗೆಯಂಥ ಒಣ ಆಹಾರ ಕೊಟ್ಟು, "ಇದು, ಸೌತೆಕಾಯಿ, ಕ್ಯಾರೆಟ್ ಹಾಕಿ ಸಾರ್, ಸಾಕು. ಒಂದೇ ಇದ್ರೆ ನಿಮಗೆ ಚೆನ್ನಾಗಿ ಹೊಂದಿಕೊಳ್ಳುತ್ತೆ" ಎಂದ. ನಾವು ನಂಬಿದೆವು. ಆ ಚೀಲದ ಮೇಲೆ ಮೊಲದ ಚಿತ್ರವಿದ್ದುದು ನಮ್ಮೆಲ್ಲರ ಕಣ್ಣಿಗೂ ಬಿದ್ದಿತ್ತು. ಯಾರ ಬುದ್ಧಿಗೂ ಬೀಳಲಿಲ್ಲ.

ಅಮ್ಮ ಹಾಸನದ ಕಡೆಯ ಹಳ್ಳಿಯವಳು. ಹಸು, ಎಮ್ಮೆ, ಕುರಿ, ಕೋಳಿಗಳ ನಡುವೆ ಬೆಳೆದವಳು. ಪಂಜರದ ಮುಂದೆ ಕುಳಿತು ಒಂದಷ್ಟು ಹೊತ್ತು ನೋಡಿದವಳು, "ಹಾಲು ಕೊಡಲ್ಲ, ಮನೆ ಕಾಯಲ್ಲ, ಇಲಿ ಹಿಡಿಯಲ್ಲ. ಹಿಡಿಯೋದೇನು, ಇದೇ ಇಲಿ. ದುಡ್ಡು ಕೊಟ್ಟು ಇಲಿ ತಂದವರನ್ನ ಇವತ್ತೇ ಕಣಪ್ಪ ನಾನು ನೋಡಿದ್ದು" ಎಂದು ಎದ್ದುಹೋದಳು.

ಮೂರ್ನಾಲ್ಕು ತಿಂಗಳು ಎಲ್ಲವೂ ಸರಿಯಾಗಿಯೇ ಇದ್ದಂತಿತ್ತು. 2024ರ ಫೆಬ್ರುವರಿಯ ಒಂದು ಸಂಜೆ ಬೆಲ್ಲ ಸೀಟಿ ಹಾಕಲಿಲ್ಲ. ಸೌತೆಕಾಯಿ ಇಟ್ಟರೆ ಮೂಸಿ ನೋಡಿ ಹಾಗೆಯೇ ಕುಳಿತಿತು. ಎತ್ತಿಕೊಂಡಾಗ ಕೈಗೆ ಬೆನ್ನಿನ ಮೂಳೆ ಸಿಕ್ಕಿತು. ಅದಕ್ಕೂ ಮೊದಲು ಅದು ಯಾವಾಗ ಸಿಗತೊಡಗಿತ್ತು ಎಂದು ಯಾರೂ ಹೇಳುವಂತಿರಲಿಲ್ಲ. ಹಿಂಗಾಲನ್ನು ಎಳೆದುಕೊಂಡಂತೆ ನಡೆಯುತ್ತಿತ್ತು. ಹತ್ತಿರದ ಆಸ್ಪತ್ರೆಯಲ್ಲಿ ನೋಡುತ್ತಿದ್ದುದು ನಾಯಿ ಬೆಕ್ಕುಗಳನ್ನು ಮಾತ್ರ. ಅಲ್ಲಿ ಇಲ್ಲಿ ಫೋನು ಮಾಡಿ, ಸಣ್ಣ ಪ್ರಾಣಿಗಳನ್ನು ನೋಡುವ ಡಾಕ್ಟರೊಬ್ಬರನ್ನು ಹುಡುಕಿಕೊಂಡು, ಮಾವಿನಹಣ್ಣಿನ ರಟ್ಟಿನ ಡಬ್ಬಿಯಲ್ಲಿ ಟವೆಲು ಹಾಸಿ ಅದನ್ನು ಮಲಗಿಸಿಕೊಂಡು ನಾನೂ ಮಗಳೂ ಹೋದೆವು.

ಡಾಕ್ಟರು ಅದನ್ನು ತಕ್ಕಡಿಯ ಮೇಲಿಟ್ಟರು. 540 ಗ್ರಾಂ. "ಹೋದ ವಾರ ಎಷ್ಟಿತ್ತು?" ಎಂದು ಕೇಳಿದರು.

ನಾನು ಮಗಳ ಮುಖ ನೋಡಿದೆ, ಮಗಳು ನನ್ನ ಮುಖ ನೋಡಿದಳು.

ಅವರು ಗದರಲಿಲ್ಲ. ಗಿನಿ ಪಿಗ್ ಬೇಟೆಗೆ ಸಿಕ್ಕುವ ಪ್ರಾಣಿ, ಕಾಯಿಲೆಯನ್ನು ತೋರಿಸಿಕೊಂಡರೆ ಹದ್ದಿಗೋ ನರಿಗೋ ತುತ್ತಾಗುವ ಕುಲ ಅದರದು, ಆದ್ದರಿಂದ ಕೊನೆಯ ಗಳಿಗೆಯವರೆಗೂ ಚೆನ್ನಾಗಿಯೇ ಇರುವಂತೆ ನಟಿಸುತ್ತದೆ ಎಂದು ಮಗಳಿಗೆ ಅರ್ಥವಾಗುವ ಹಾಗೆ ವಿವರಿಸಿದರು. ದಟ್ಟ ಕೂದಲಿನಡಿಯಲ್ಲಿ ಅದು ಸೊರಗುವುದು ಕಣ್ಣಿಗೆ ಕಾಣದು, ತಕ್ಕಡಿಗೆ ಮಾತ್ರ ಕಾಣುತ್ತದೆ, ವಾರಕ್ಕೊಮ್ಮೆ ತೂಗಿ ಬರೆದಿಡಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ ಪೆಲೆಟ್ ಯಾವುದು ಎಂದು ಕೇಳಿದರು. ಮೊಲದ್ದು ಎಂದೆ. ಮೊಲ ತನಗೆ ಬೇಕಾದ ವಿಟಮಿನ್ ಸಿಯನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತದೆ, ಹಾಗಾಗಿ ಅದರ ಪೆಲೆಟ್ಟಿಗೆ ಅದನ್ನು ಸೇರಿಸಿರುವುದಿಲ್ಲ. ಗಿನಿ ಪಿಗ್ಗಿಗೆ ಆ ಶಕ್ತಿಯಿಲ್ಲ, ಹೊರಗಿನಿಂದಲೇ ದಿನದಿನವೂ ಸಿಗಬೇಕು. ನಾವು ಕೊಡುತ್ತಿದ್ದ ಸೌತೆಕಾಯಿ, ಕ್ಯಾರೆಟ್ಟುಗಳಲ್ಲಿ ಅದು ಇರುವುದು ಅಷ್ಟಕ್ಕಷ್ಟೇ. ನಮ್ಮ ಬೆಲ್ಲಕ್ಕೆ ಬಂದಿದ್ದುದು ಸ್ಕರ್ವಿ. ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರ ಒಸಡು ಕೊಳೆಸಿ, ಕೀಲು ಹಿಡಿದು, ಪ್ರಾಣ ತೆಗೆಯುತ್ತಿದ್ದ ಅದೇ ಕಾಯಿಲೆ.

ಆ ರಾತ್ರಿ ಓದುತ್ತ ಕುಳಿತಾಗ ತಿಳಿದ ಸಂಗತಿ ನನ್ನನ್ನು ಇನ್ನಷ್ಟು ಪೇಚಿಗೆ ಸಿಕ್ಕಿಸಿತು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಎಂಬಿಬ್ಬರು ಬೆರಿಬೆರಿ ಕಾಯಿಲೆಯನ್ನು ಅಭ್ಯಾಸ ಮಾಡಲೆಂದು ಗಿನಿ ಪಿಗ್ಗುಗಳಿಗೆ ಬರೀ ಧಾನ್ಯದ ಆಹಾರ ಕೊಟ್ಟಿದ್ದರಂತೆ. ಬೆರಿಬೆರಿಯ ಬದಲು ಅವುಗಳಿಗೆ ಬಂದದ್ದು ಸ್ಕರ್ವಿ. ಮನುಷ್ಯನ ಹಾಗೆಯೇ ಈ ಕಾಯಿಲೆಗೆ ಬೀಳುವ ಪ್ರಾಣಿಯೊಂದು ವಿಜ್ಞಾನಿಗಳಿಗೆ ಸಿಕ್ಕಿದ್ದೇ ಹಾಗೆ. ಮುಂದೆ ವಿಟಮಿನ್ ಸಿಯನ್ನು ಗುರುತಿಸಿದ್ದರ ಹಿಂದೆ ಈ ಪುಟ್ಟ ಪ್ರಾಣಿಗಳ ದೊಡ್ಡ ಪಾಲಿದೆ. ಅವರು ಪ್ರಯೋಗಶಾಲೆಯಲ್ಲಿ ಲೆಕ್ಕವಿಟ್ಟು ಮಾಡಿದ್ದನ್ನು ನಾವು ನಮ್ಮ ನಡುಮನೆಯ ಮೂಲೆಯಲ್ಲಿ, ಮುದ್ದು ಮಾಡುತ್ತಲೇ, ಮಾಡಿ ಮುಗಿಸಿದ್ದೆವು. ಇದನ್ನು ಮಗಳಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ನಮಗೂ ಅದನ್ನ ಮೈಯೊಳಗೆ ಮಾಡ್ಕೊಳ್ಳಕ್ಕೆ ಬರಲ್ವಾ?" ಬರುವುದಿಲ್ಲ. ಅಂದಿನಿಂದ ಸೀಬೆಹಣ್ಣು ಕತ್ತರಿಸಿದರೆ ಒಂದು ಚೂರು ಬೆಲ್ಲಕ್ಕೆ, ಉಳಿದದ್ದು ತಕರಾರಿಲ್ಲದೆ ಮಕ್ಕಳ ಹೊಟ್ಟೆಗೆ. ಅದಕ್ಕೂ ಮೊದಲು ಸೀಬೆಹಣ್ಣಿನ ಬೀಜದ ವಿಷಯದಲ್ಲಿ ನಡೆಯುತ್ತಿದ್ದ ಪಂಚಾಯಿತಿಯನ್ನು ನೆನೆದರೆ ಇದೇನೂ ಸಣ್ಣ ಲಾಭವಲ್ಲ.

ಮುಂದಿನ ಐದು ದಿನ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಗಿನಿ ಪಿಗ್ಗಿನ ಕರುಳು ಸದಾ ನಡೆಯುತ್ತಿರಬೇಕು. ಒಂದು ದಿನ ಹೊಟ್ಟೆ ಖಾಲಿ ಬಿದ್ದರೂ ಕರುಳು ನಿಂತುಹೋಗಿ ಜೀವಕ್ಕೆ ಅಪಾಯ. ಹೊಸ ಪೆಲೆಟ್ಟನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಿವುಚಿ, ಗಂಜಿಯ ಹದಕ್ಕೆ ತಂದು, ಸೂಜಿಯಿಲ್ಲದ ಸಿರಿಂಜಿನಲ್ಲಿ ಮೂರು ಗಂಟೆಗೊಮ್ಮೆ ತಿನ್ನಿಸಬೇಕಿತ್ತು. ಹನ್ನೊಂದು ಗಂಟೆಯ ಸರದಿ ನನ್ನದು, ಎರಡರದು ಹೆಂಡತಿಯದು, ಐದರದು ಮತ್ತೆ ನನ್ನದು. ಮೊದಲ ರಾತ್ರಿ ಅಲಾರಂ ಹೊಡೆದು ನನಗೂ ಎಚ್ಚರವಾಗಿ ಎದ್ದು ಬಂದಾಗ ಕಂಡ ನೋಟ ಈಗಲೂ ಕಣ್ಣ ಮುಂದಿದೆ. ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕುಳಿತ ಹೆಂಡತಿ ಬೆಲ್ಲವನ್ನು ಟವೆಲಿನಲ್ಲಿ ಕೂಸಿನಂತೆ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಸಿರಿಂಜಿನ ತುದಿಯನ್ನು ಮುಂದಿನ ಹಲ್ಲಿನ ಪಕ್ಕದಿಂದ ಒಳಗೆ ಸೇರಿಸಿ, ಒಂದು ಹನಿ ಬಿಟ್ಟು, ದವಡೆ ಆಡುವುದನ್ನೇ ಕಾಯುತ್ತಿದ್ದಳು. ದವಡೆ ಆಡಲಿಲ್ಲ. ಗಂಜಿ ಗಲ್ಲದ ಕೂದಲಿಗಿಳಿಯಿತು. ಅವಳು ಸೆರಗಿನಿಂದ ಒರೆಸಿ, ಇನ್ನೊಂದು ಹನಿ ಬಿಟ್ಟಳು. ಏಳನೆಯದೋ ಎಂಟನೆಯದೋ ಹನಿಗೆ ದವಡೆ ಒಮ್ಮೆ ಆಡಿತು, ನಿಂತಿತು, ಮತ್ತೆ ಆಡಿತು. ಅವಳು ತಲೆಯೆತ್ತಿ, "ಪುಟ್ಟಿ ಹುಟ್ಟಿದಾಗಲೂ ನೀವು ಹೀಗೇ ಬಾಗಿಲಲ್ಲಿ ನಿಂತು ನೋಡ್ತಿದ್ರಿ" ಎಂದಳು. ಮಾತಿನಲ್ಲಿ ಮುಳ್ಳಿತ್ತು, ಆದರೆ ಅವಳು ನಗುತ್ತಲೂ ಇದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

ಆರನೆಯ ದಿನ ಅದು ತಾನಾಗಿ ಕೊತ್ತಂಬರಿ ಕಡ್ಡಿಯೊಂದನ್ನು ಎಳೆದುಕೊಂಡಿತು. ಕಡ್ಡಿ ಬಾಯೊಳಗೆ ಸರಸರನೆ ಮಾಯವಾದುದನ್ನು ನೋಡಿ ಮಗ ಚಪ್ಪಾಳೆ ತಟ್ಟಿದ, ಬೆಲ್ಲ ಹೆದರಿ ಮೂಲೆ ಸೇರಿತು, ಮಗಳು ತಮ್ಮನಿಗೆ ಎರಡು ಬಾರಿಸಿದಳು. ಮನೆ ಮಾಮೂಲಿಗೆ ಬಂತು.

ನಮ್ಮ ಭಾಷೆಯಲ್ಲಿ ಪ್ರಾಣಿಯನ್ನೂ ಮಗುವನ್ನೂ ಮುದುಕರನ್ನೂ ನೋಡಿಕೊಳ್ಳುತ್ತೇವೆ ಎನ್ನುತ್ತೇವೆ. ನಾಲಿಗೆಗೆ ರೂಢಿಯಾದ ಈ ಮಾತಿನೊಳಗೆ ನೋಡುವುದು ಎಂಬುದೊಂದು ಇದೆ ಎಂದು ನನಗೆ ತೋರಿಸಿಕೊಟ್ಟದ್ದು ಅಮ್ಮ. "ಹಾಕೋದು ನೋಡಿಕೊಂಡ ಹಾಗಲ್ಲ. ಬೆಳಗ್ಗೆ ಎದ್ದು ಹಸುವಿನ ಮೂತಿ ಒದ್ದೆ ಇದೆಯಾ, ಮೆಲುಕು ಹಾಕ್ತಿದೆಯಾ, ಸಗಣಿ ಹೇಗಿದೆ ಅಂತ ನಿಮ್ಮಜ್ಜ ನೋಡ್ತಿದ್ದ. ಆಮೇಲೇ ಅವನು ಕಾಫಿ ಕುಡೀತಿದ್ದುದು" ಎಂದಳು. ಇಲಿ ಎಂದು ಮೂಗು ಮುರಿದವಳು ಆ ವಾರದಿಂದಲೇ ಪಂಜರದ ಯಜಮಾನಿಕೆ ವಹಿಸಿಕೊಂಡಳು, ಯಾರೂ ಕೇಳಿಕೊಂಡಿರಲಿಲ್ಲ. ಆಮದಾದ ಹುಲ್ಲಿನ ಪೊಟ್ಟಣದ ಬೆಲೆ ಕೇಳಿ ಹೌಹಾರಿ, ದೇವಸ್ಥಾನದ ಮುಂದಿನ ಹೂವಿನವಳ ಹತ್ತಿರ ದಿನವೂ ಗರಿಕೆ ಕಟ್ಟು ತರುವ ಏರ್ಪಾಡು ಮಾಡಿಕೊಂಡಳು. ಗಣಪತಿಗೆ ಇಪ್ಪತ್ತೊಂದು ಎಸಳು, ಮಿಕ್ಕಿದ್ದು ಅವನ ವಾಹನದ ದಾಯಾದಿಗೆ ಎಂಬುದು ಅವಳ ನ್ಯಾಯ. ಹುಲ್ಲು ಬರೀ ಹೊಟ್ಟೆಗಲ್ಲ, ಹಲ್ಲಿಗೂ ಬೇಕು: ಗಿನಿ ಪಿಗ್ಗಿನ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ, ಒರಟು ಹುಲ್ಲನ್ನು ಅಗಿದಗಿದೇ ಅದು ಸವೆಯಬೇಕು. ತನ್ನ ಹಿಕ್ಕೆಯಲ್ಲಿ ಮೆತ್ತಗಿರುವ ಒಂದು ಬಗೆಯನ್ನು ಅದು ಬಾಗಿ ಮತ್ತೆ ತಿನ್ನುವುದನ್ನು ಕಂಡು ಮಗಳು ಓಕರಿಸಿದಾಗಲೂ ಸಮಾಧಾನ ಹೇಳಿದವಳು ಅಮ್ಮನೇ: "ಹಸು ಮೇಲಿಂದ ಮೆಲುಕು ಹಾಕುತ್ತೆ, ಇದು ಸುತ್ತು ಬಳಸಿ ಹಾಕುತ್ತೆ, ಅಷ್ಟೇ." ಒಮ್ಮೆಗೆ ಸಿಗದ ಸತ್ವವನ್ನು ಎರಡನೆಯ ಸುತ್ತಿನಲ್ಲಿ ಪಡೆಯುವುದೇ ಇಲ್ಲೂ ಇರುವ ಗುಟ್ಟು, ಯಾವ ಪುಸ್ತಕವೂ ಇದನ್ನು ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ತಂತಿಪಂಜರ ಹೋಗಿ ಬಡಗಿಯ ಕೈಯಲ್ಲಿ ಮಾಡಿಸಿದ ಪ್ಲೈವುಡ್ ಕಟ್ಟೆ ಬಂತು. ನಾಲ್ಕಡಿಗೆ ಎರಡೂವರೆ ಅಡಿ. ಬೆಂಗಳೂರಿನಲ್ಲಿ ನಮ್ಮ ಕುಟುಂಬದ ಹೆಸರಿನಲ್ಲಿರುವ ಏಕೈಕ ಸೈಟು ಅದೇ. ಹಾಸಲು ಅಮ್ಮನ ಹಳೆಯ ನೂಲಿನ ಸೀರೆಗಳು, ಹಿಕ್ಕೆಯೆಲ್ಲ ತಾರಸಿಯ ಕರಿಬೇವಿನ ಕುಂಡಕ್ಕೆ. ಏಪ್ರಿಲ್ಲಿನಲ್ಲಿ ಊರಿನ ಬಿಸಿಲು 38 ಡಿಗ್ರಿ ದಾಟಿದಾಗ ಕಾದ ತಾರಸಿಯ ಕೆಳಗಿನ ನಮ್ಮ ಮನೆ ಒಲೆಯಂತಾಯಿತು. ಆಂಡೀಸಿನ ತಂಪಿನಲ್ಲಿ ಬೆಳೆದ ಕುಲದ, ಮೈ ಬೆವರದ ಪ್ರಾಣಿಗೆ 27 ಡಿಗ್ರಿ ದಾಟಿದರೇ ಕಷ್ಟ. ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲುಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟೆವು. ಅಮ್ಮ ಕಿಟಕಿಗೆ ಗೋಣಿಚೀಲ ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸಿದಳು. ಆ ತಿಂಗಳು ಮಕ್ಕಳ ಮಧ್ಯಾಹ್ನದ ನಿದ್ದೆಯೂ ಅದೇ ಕಿಟಕಿಯ ಕೆಳಗೆ.

ಮಗನ ವಿಷಯ ಬೇರೆ. ಮೂರು ವರ್ಷದ ಹುಡುಗನ ಕೈಗೆ ಗಿನಿ ಪಿಗ್ ಕೊಡುವುದೆಂದರೆ ಗಾಜಿನ ಲೋಟ ಕೊಟ್ಟ ಹಾಗೆ. ಸೊಂಟದೆತ್ತರದಿಂದ ಬಿದ್ದರೂ ಅದರ ಎಲುಬು ಮುರಿಯಬಹುದು. ಆದ್ದರಿಂದ ಮನೆಯಲ್ಲಿ ಒಂದು ಕಾನೂನು: ಎತ್ತುವವರು ದೊಡ್ಡವರು, ಮಕ್ಕಳು ನೆಲದ ಮೇಲೆ ಚಕ್ಕಂಬಟ್ಟಲೆ ಹಾಕಿ ಕುಳಿತಿರಬೇಕು, ತೊಡೆಯ ಮೇಲೆ ಟವೆಲು ಇರಬೇಕು, ದನಿ ತಗ್ಗಿರಬೇಕು. ಇಡೀ ದಿನದಲ್ಲಿ ನನ್ನ ಮಗ ಪಿಸುಗುಟ್ಟುವುದು ಆ ಹತ್ತು ನಿಮಿಷ ಮಾತ್ರ. ಎಣಿಕೆ ಕಲಿತದ್ದೂ ಅಲ್ಲೇ. ಮುಂಗಾಲಿಗೆ ನಾಲ್ಕು ನಾಲ್ಕು ಬೆರಳು, ಹಿಂಗಾಲಿಗೆ ಮೂರು ಮೂರು. ಹದಿನಾಲ್ಕು ಎಂದು ಎಣಿಸಿ ಮುಗಿಸಿ, ತನ್ನ ಕೈಕಾಲಿನದನ್ನು ಎಣಿಸಿ, "ನಂದು ಆರು ಜಾಸ್ತಿ" ಎಂದು ಅವನು ಹೇಳಿದ ದಿನ ಅವನಿಗೆ ಕಳೆಯುವ ಲೆಕ್ಕವನ್ನು ಇನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಖುಷಿಯಾದಾಗ ಬೆಲ್ಲ ಇದ್ದಕ್ಕಿದ್ದಂತೆ ನಿಂತಲ್ಲಿಂದಲೇ ಮೇಲಕ್ಕೆ ಚಿಮ್ಮಿ, ಗಾಳಿಯಲ್ಲೇ ಸೊಂಟ ತಿರುಗಿಸಿ ಇಳಿಯುತ್ತದೆ. ಇಂಗ್ಲಿಷಿನವರು ಇದನ್ನು ಪಾಪ್‌ಕಾರ್ನ್ ಎನ್ನುತ್ತಾರಂತೆ. ನಮ್ಮ ಹುಡುಗ ಒಗ್ಗರಣೆ ಸೌಟಿನ ಮುಂದೆ ನಿಂತು ಬೆಳೆದವನು. "ಅಜ್ಜೀ, ಬೆಲ್ಲ ಸಾಸಿವೆ ಥರ ಸಿಡೀತಾ ಇದೆ!" ಎಂದು ಅವನು ಕೂಗಿದಂದಿನಿಂದ ನಮ್ಮಲ್ಲಿ ಅದಕ್ಕೆ ಸಾಸಿವೆ ಎಂದೇ ಹೆಸರು.

ಒಂಟಿಯಾಗಿರುವ ಗಿನಿ ಪಿಗ್ ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂಬ ಅಂಗಡಿಯವನ ಮಾತೂ ಸುಳ್ಳು ಎಂಬುದು ಡಾಕ್ಟರಿಂದ ತಿಳಿದಿತ್ತು. ಸ್ವಿಟ್ಜರ್‌ಲೆಂಡಿನಲ್ಲಿ ಇಂಥ ಪ್ರಾಣಿಯನ್ನು ಜೊತೆಯಿಲ್ಲದೆ ಸಾಕಬಾರದು ಎಂದು 2008ರಿಂದ ನಿಯಮವೇ ಇದೆ. ಜೂನ್ ತಿಂಗಳಲ್ಲಿ, ಸಾಕಲಾಗದೆ ಯಾರೋ ಬಿಟ್ಟುಕೊಟ್ಟ ಕಪ್ಪು ಬಣ್ಣದ ಹೆಣ್ಣೊಂದು ನಮ್ಮ ಮನೆಗೆ ಬಂತು. ಎರಡೂ ಹೆಣ್ಣೇ ಹೌದೆಂದು ಡಾಕ್ಟರ ಕೈಯಲ್ಲಿ ಖಾತ್ರಿ ಮಾಡಿಸಿಕೊಂಡೆವು, ಏಕೆಂದರೆ ಹುಟ್ಟುತ್ತಲೇ ಕಣ್ಣು ಬಿಟ್ಟು, ಕೂದಲು ಹೊತ್ತು, ಕೆಲವೇ ಗಂಟೆಗಳಲ್ಲಿ ಓಡಾಡುವ ಮರಿಗಳಿಗೆ ನಮ್ಮ ಸೈಟಿನಲ್ಲಿ ಜಾಗವಿರಲಿಲ್ಲ. ಬೆಲ್ಲದ ಜೊತೆಗೆ ಬಂದ ಕಪ್ಪಿಗೆ ಏನು ಹೆಸರಿಡಬೇಕೆಂದು ಚರ್ಚಿಸುವ ಅಗತ್ಯವೇ ಬೀಳಲಿಲ್ಲ. ಎಳ್ಳು ಬೆಲ್ಲ ಎರಡು ದಿನ ಹಲ್ಲು ಕಟಕಟಿಸಿ ಜಗಳವಾಡಿದವು, ಮೂರನೆಯ ದಿನ ಒಂದೇ ಗರಿಕೆ ಎಸಳನ್ನು ಎರಡು ತುದಿಯಿಂದ ತಿನ್ನುತ್ತ ಮೂತಿಗೆ ಮೂತಿ ತಾಗಿಸಿದವು. ಒಳ್ಳೆಯ ಮಾತಾಡಿ ಎಂದು ಹೇಳಬೇಕಾಗಿರುವುದು ಈಗ ಮಕ್ಕಳಿಬ್ಬರಿಗೆ ಮಾತ್ರ.

ಮುಚ್ಚಿಡದೆ ಹೇಳಿದ ಒಂದು ಸಂಗತಿಯಿಂದ ಮಗಳ ಮನಸ್ಸನ್ನು ನೋಯಿಸಿದ್ದೂ ಉಂಟು. ಬೆಲ್ಲದ ಪೂರ್ವಿಕರ ಊರು ಯಾವುದು ಎಂದು ಅವಳು ಕೇಳಿದಾಗ ಪೆರು ದೇಶದ ನಕ್ಷೆ ತೋರಿಸುತ್ತ, ಅಲ್ಲಿ ಇದನ್ನು ಕುಯ್ ಎನ್ನುತ್ತಾರೆ, ಅಡುಗೆಮನೆಯಲ್ಲೇ ಸಾಕಿ ಹಬ್ಬಕ್ಕೆ ಬೇಯಿಸುತ್ತಾರೆ ಎಂದೂ ಹೇಳಿಬಿಟ್ಟೆ. ಕುಸ್ಕೊ ನಗರದ ದೊಡ್ಡ ಚರ್ಚಿನಲ್ಲಿ ಮಾರ್ಕೊಸ್ ಸಪಾಟಾ ಎಂಬ ಅಲ್ಲಿನ ಚಿತ್ರಕಾರ 1753ರಲ್ಲಿ ಬರೆದ ಯೇಸುವಿನ ಕೊನೆಯ ಊಟದ ಚಿತ್ರವಿದೆ. ಅದರ ನಡುವಿನ ತಟ್ಟೆಯಲ್ಲಿರುವುದನ್ನು ಜನ ಕುಯ್ ಎಂದೇ ಗುರುತಿಸುತ್ತಾರೆ. ಮಗಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. "ನಾವು ಕೋಳಿ ಸಾಕಿ ತಿಂದವರೇ ಅಲ್ವೇನವ್ವಾ" ಎಂದು ಅಮ್ಮ ಸೇರಿಸಿದ್ದರಿಂದ ಏನೂ ಉಪಕಾರವಾಗಲಿಲ್ಲ. ಮಾರನೆಯ ದಿನ ಭಾನುವಾರ, ಸಾರಿನಲ್ಲಿ ಕೋಳಿ. ಅವಳು ಬರೀ ಸಾರು ಹಾಕಿಸಿಕೊಂಡಳು. ಅದರ ಮುಂದಿನ ಭಾನುವಾರ ತುಂಡು ಹಾಕಿಸಿಕೊಂಡಳು. ಈ ಎರಡು ಭಾನುವಾರಗಳ ನಡುವೆ ಅವಳ ತಲೆಯಲ್ಲಿ ಏನು ನಡೆಯಿತೋ, ನಾನು ಕೆದಕಲಿಲ್ಲ.

ಭಾನುವಾರ ಎಂದರೆ ತೂಕದ ದಿನವೂ ಹೌದು. ಹೆಂಡತಿ ಕೇಕ್ ಮಾಡಲೆಂದು ತರಿಸಿಕೊಂಡಿದ್ದ ಪುಟ್ಟ ತಕ್ಕಡಿ ಈಗ ಬೆಲ್ಲದ್ದು. ಮೊದಲು ಪ್ಲಾಸ್ಟಿಕ್ ಬುಟ್ಟಿಯಿಟ್ಟು ಸೊನ್ನೆಗೆ ತರುವುದು ಮಗನ ಕೆಲಸ, ಬುಟ್ಟಿಯಲ್ಲಿ ಅವು ಅಲುಗದಂತೆ ಒಂದು ಚೂರು ದೊಣ್ಣೆಮೆಣಸಿನಕಾಯಿ ಹಿಡಿಯುವುದು ಅಮ್ಮನ ಕೆಲಸ, ಬರೆಯುವುದು ಮಗಳ ಕೆಲಸ. ನೂರು ಪುಟದ ನೋಟುಬುಕ್ಕಿನ ಮೊದಲ ಸಾಲು 540. ಮುಂದಿನ ಪುಟಗಳಲ್ಲಿ 575, 612, 660. ಒಂದೊಂದು ಸಲ ಅಂಕಿಯ ಪಕ್ಕದಲ್ಲಿ ಷರಾ ಇರುತ್ತದೆ: "ಪಟಾಕಿ ಸದ್ದಿಗೆ ಹೆದರಿತ್ತು", "ಎಳ್ಳು ಸೊಪ್ಪು ಕದ್ದಿತು". ಐವತ್ತು ಗ್ರಾಂ ಇಳಿದರೆ ಡಾಕ್ಟರಿಗೆ ಫೋನು ಮಾಡಬೇಕು ಎಂಬುದನ್ನು ಕೆಂಪು ಪೆನ್ನಿನಲ್ಲಿ ಬರೆದು ಅಡಿಗೆರೆ ಎಳೆದಿದ್ದಾಳೆ. ಇವು ಬದುಕುವುದು ಐದರಿಂದ ಎಂಟು ವರ್ಷ ಎಂಬುದೂ ಅವಳಿಗೆ ಗೊತ್ತು, ಏಕೆಂದರೆ ಕೊನೆಯ ಪುಟದಲ್ಲಿ ಎಂಟನ್ನು ತನ್ನ ವಯಸ್ಸಿಗೆ ಕೂಡಿಸಿ ನೋಡಿದ ಲೆಕ್ಕವೊಂದು ಪೆನ್ಸಿಲಿನಲ್ಲಿದೆ. ಅದನ್ನು ಅವಳು ನನಗೆ ತೋರಿಸಿಲ್ಲ.

ಕಳೆದ ಗೌರಿ ಹಬ್ಬದ ಮರುವಾರ, ಊಟಕ್ಕೆ ಕುಳಿತಿದ್ದಾಗ, ಮಗಳು ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: "ಅಪ್ಪಾ, ಅಜ್ಜಿ ನಾಲ್ಕು ದಿನದಿಂದ ಚಕ್ಕುಲಿಯೆಲ್ಲ ತಮ್ಮಂಗೇ ಕೊಡ್ತಿದೆ. ಎಡಗಡೆ ಅಗೀತಾನೇ ಇಲ್ಲ." ಅಮ್ಮ ಮುದ್ದೆ ಮುರಿಯುತ್ತಿದ್ದವಳು, "ಏ, ಸುಮ್ನಿರೇ" ಎಂದಳು. ಮುದ್ದೆ ನುಂಗುವವರಿಗೆ ಹಲ್ಲುನೋವು ಮುಚ್ಚಿಡುವುದು ಎಷ್ಟು ಸುಲಭ ಎಂಬುದು ನನಗೆ ಆಗ ಹೊಳೆಯಿತು. ನಾಲ್ಕು ದಿನವೂ ಎದುರಿಗೇ ಕುಳಿತು ಉಂಡಿದ್ದೆ. ಹಲ್ಲಿನ ಡಾಕ್ಟರು ನೋಡಿ, ಇನ್ನೆರಡು ವಾರ ಬಿಟ್ಟಿದ್ದರೆ ದವಡೆಯೇ ಊದಿಕೊಳ್ಳುತ್ತಿತ್ತು ಎಂದರು.

ಆ ಭಾನುವಾರದ ಪುಟದಲ್ಲಿ ಮೂರು ಸಾಲುಗಳಿವೆ. ಬೆಲ್ಲ 905. ಎಳ್ಳು 840. ಅಜ್ಜಿ, ಮೇಲೆ ಎಡಗಡೆ, ಹಿಂದಿನಿಂದ ಎರಡನೇ ಹಲ್ಲು. ಕನ್ನಡಕ ಹಾಕಿಕೊಂಡು ಅದನ್ನು ಓದಿದ ಅಮ್ಮ, "ಅವೆರಡರ ತೂಕ ಬರ್ದಿದ್ದೀಯ, ನಂದ್ಯಾಕೆ ಬರೆದಿಲ್ಲ?" ಎಂದು ಕೇಳಿದಳು.

"ತಕ್ಕಡೀಲಿ ಐದು ಕೆಜಿವರೆಗೆ ಮಾತ್ರ ಬರುತ್ತಜ್ಜಿ" ಎಂದಳು ಮಗಳು.